ವಾಹನ ತಾಗಿದ ನಾಯಿಗೆ ಮೊದಲ ಆರೈಕೆ

ತುಮಕೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 48ರ ಆಸುಪಾಸಿನಲ್ಲಿ ವಾಸಿಸುವವರು ನಾಯಿಯನ್ನು ಗೇಟಿನಾಚೆ ಕರೆದೊಯ್ಯುವಾಗ ಸರಪಳಿಯನ್ನು ಕೈಬಿಡಬಾರದು. ಎಷ್ಟೇ ಸಾಧುವಾದ ನಾಯಿಯೂ ಪಟಾಕಿಯ ಸದ್ದಿಗೆ ಬೆಚ್ಚಿ ರಸ್ತೆಗೆ ನುಗ್ಗಬಹುದು.

ಪೆಟ್ಟಾದ ನಾಯಿ ನೋವಿನಲ್ಲಿ ಸಾಕಿದವರನ್ನೂ ಕಚ್ಚುವ ಸಂಭವವಿರುವುದರಿಂದ ಮೆತ್ತನೆಯ ಬಟ್ಟೆಯಿಂದ ಅದರ ಬಾಯಿ ಕಟ್ಟಬೇಕು, ಆದರೆ ವಾಂತಿ ಮಾಡುತ್ತಿದ್ದರೆ ಅಥವಾ ಉಸಿರಾಡಲು ಕಷ್ಟಪಡುತ್ತಿದ್ದರೆ ಕಟ್ಟಲೇಬಾರದು. ರಕ್ತ ಸುರಿಯುವ ಜಾಗವನ್ನು ಒಗೆದ ಬಟ್ಟೆಯಿಂದ ಐದು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಬೆನ್ನುಮೂಳೆಗೆ ಏಟು ಬಿದ್ದಿರಬಹುದಾದ್ದರಿಂದ ಎತ್ತಿಕೊಳ್ಳದೆ, ಹಲಗೆಯ ಮೇಲೆ ಮೆಲ್ಲಗೆ ಜಾರಿಸಿ ಸಾಗಿಸಿ.

ಮೇಲೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ನಮ್ಮ ನಾಯಿಗೆ ಬೈಕ್ ತಾಗಿದ ದಿನ ಮೈಮೇಲೆ ಒಂದು ಗೀರೂ ಇರಲಿಲ್ಲ, ಎದ್ದು ಬಾಲವನ್ನೂ ಆಡಿಸಿತು. ಸಂಜೆ ತುಟಿ ಎತ್ತಿ ನೋಡಿದಾಗ ಗುಲಾಬಿ ಬಣ್ಣದ ಒಸಡು ಸುಣ್ಣದಂತೆ ಬಿಳುಚಿತ್ತು. ಅದು ಒಳಗೆ ರಕ್ತಸ್ರಾವವಾಗುತ್ತಿರುವ ಲಕ್ಷಣ.

ಪಶುಪಾಲನಾ ಸಹಾಯವಾಣಿ 1962ಕ್ಕೆ ಕರೆಮಾಡಿ ಮಾರ್ಗದರ್ಶನ ಕೇಳಬಹುದು. ವೈದ್ಯರು ನೋಡುವವರೆಗೆ ಊಟ, ನೀರು ಕೊಡಬೇಡಿ. ಮನೆಯಲ್ಲಿರುವ ನೋವಿನ ಮಾತ್ರೆಯನ್ನಂತೂ ಕೊಡಲೇಬೇಡಿ: ಐಬುಪ್ರೊಫೆನ್ ನಾಯಿಗೆ ವಿಷ, ಪ್ಯಾರಾಸಿಟಮಾಲ್ ಬೆಕ್ಕಿನ ಜೀವವನ್ನೇ ತೆಗೆಯಬಲ್ಲದು. ಈ ಗಡಿಬಿಡಿಯಲ್ಲಿ ನಿಮಗೆ ಕಡಿತವಾಗಿದ್ದರೆ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ವೈದ್ಯರಲ್ಲಿ ರೇಬೀಸ್ ಲಸಿಕೆಯ ಬಗ್ಗೆ ವಿಚಾರಿಸಿ.