ಬ್ಯಾಡ್‌ಲ್ಯಾಂಡ್ಸ್ ಅಂಚಿನಲ್ಲಿ ಗಾಡಿ ಓಡಿಸದ ಒಂದು ದಿನ

ಬಾಸ್ಟನ್‌ನಿಂದ ಸಿಯಾಟಲ್‌ಗೆ ಹೊರಟಾಗ ನಮ್ಮ ಪಟ್ಟಿಯಲ್ಲಿ ಖಾಲಿ ದಿನ ಒಂದೂ ಇರಲಿಲ್ಲ. ಇಂಟರ್‌ಸ್ಟೇಟ್ 90 ಹೆದ್ದಾರಿಯಲ್ಲಿ ಸುಮಾರು 4,800 ಕಿಲೋಮೀಟರ್ ದಾರಿ. ಆರ್‌ವಿ, ಅಂದರೆ ಮಲಗಲು, ಅಡುಗೆ ಮಾಡಲು ಒಳಗೇ ಜಾಗವಿರುವ ಮನೆಗಾಡಿ, ಓಡಿಸುವುದು ಕಾರು ಓಡಿಸಿದ ಹಾಗಲ್ಲ. ದೊಡ್ಡ ಟ್ರಕ್ ಪಕ್ಕದಲ್ಲಿ ಹಾದರೆ ಸಾಕು, ಇಡೀ ಗಾಡಿ ಅಲ್ಲಾಡುತ್ತದೆ. ಸೌತ್ ಡಕೋಟಾ ತಲುಪುವಷ್ಟರಲ್ಲಿ ನನ್ನ ಭುಜ ಹಿಡಿದುಕೊಂಡಿತ್ತು. "ನಾಳೆ ಎಲ್ಲಿಗೂ ಬೇಡ" ಎಂದಳು ಹೆಂಡತಿ.

ವಾಲ್ ಊರಿನ ದಕ್ಷಿಣಕ್ಕೆ, ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನಕ್ಕೆ ತಾಗಿಕೊಂಡೇ ಬಫಲೋ ಗ್ಯಾಪ್ ಹುಲ್ಲುಗಾವಲಿದೆ. ಸರ್ಕಾರಿ ಜಾಗ, ದುಡ್ಡು ಕೊಡಬೇಕಿಲ್ಲ. ಆದರೆ ನೀರು, ಕರೆಂಟು ಯಾವುದೂ ಇಲ್ಲ. ಅದಕ್ಕೇ ಬರುವ ದಾರಿಯಲ್ಲೇ ನೀರಿನ ಟ್ಯಾಂಕ್ ತುಂಬಿಸಿ, ಕೊಳೆನೀರಿನ ಎರಡೂ ಟ್ಯಾಂಕ್ ಖಾಲಿ ಮಾಡಿಸಿಕೊಂಡಿದ್ದೆವು. ಇದೊಂದು ಕೆಲಸ ಮೊದಲೇ ಮುಗಿಸದಿದ್ದರೆ ಮರುದಿನ ನೆಮ್ಮದಿಯಾಗಿ ಕೂರಲು ಆಗುತ್ತಿರಲಿಲ್ಲ.

ಕಣಿವೆಯ ಅಂಚಿನಿಂದ ಸಾಕಷ್ಟು ಹಿಂದೆಯೇ ನಿಲ್ಲಿಸಿದೆವು. ಒಂದು ಕಡೆಯ ಚಕ್ರಗಳ ಕೆಳಗೆ ಹಲಗೆ ಇಟ್ಟು ಗಾಡಿಯನ್ನು ಸಮ ಮಾಡಿದೆ. ನಿದ್ದೆಗೆ ಮಾತ್ರವಲ್ಲ, ಫ್ರಿಜ್‌ಗೂ ಇದು ಬೇಕು. ಪ್ರೊಪೇನ್ ಗ್ಯಾಸ್‌ನಿಂದ ನಡೆಯುವ ಫ್ರಿಜ್‌ನಲ್ಲಿ, ಒಳಗನ್ನು ತಂಪಾಗಿಡುವ ಅಮೋನಿಯಾ ದ್ರಾವಣ ತನ್ನ ಭಾರದಿಂದಲೇ ಕೆಳಗೆ ಹರಿಯಬೇಕು. ಗಾಡಿ ವಾಲಿ ನಿಂತರೆ ಅದು ಕೊಳವೆಯಲ್ಲೇ ನಿಂತುಬಿಡುತ್ತದೆ.

ಬೆಳಿಗ್ಗೆ ಬ್ಯಾಟರಿ 12.3 ವೋಲ್ಟ್ ತೋರಿಸುತ್ತಿತ್ತು, ಅಂದರೆ ಅರ್ಧಕ್ಕಿಂತ ಸ್ವಲ್ಪ ಮೇಲೆ. ನಮ್ಮದು ಲೆಡ್ ಆಸಿಡ್ ಬ್ಯಾಟರಿ, ಅರ್ಧಕ್ಕಿಂತ ಜಾಸ್ತಿ ಇಳಿಸಬಾರದು. ಜನರೇಟರ್ ಹಾಕಲು ಮನಸ್ಸಾಗಲಿಲ್ಲ. ಅಷ್ಟು ಮೌನ ಇರುವ ಕಡೆ ಆ ಗದ್ದಲ ಯಾಕೆ? ಸೋಲಾರ್ ಪ್ಯಾನೆಲ್ ಮೇಲಿನ ಧೂಳು ಒರೆಸಿ, ಸುಮ್ನೆ ಬಿಸಿಲಿಗೆ ಬಿಟ್ಟೆ.

ಆಮೇಲೆ ಕುರ್ಚಿ ಹಾಕಿಕೊಂಡು ಕೂತೆವು. ಎದುರಿಗೆ ಗುಡ್ಡಗಳಲ್ಲಿ ಹಳದಿ, ಕೆಂಪು, ಬೂದು ಪಟ್ಟಿಗಳು. ಹಳದಿ ಮತ್ತು ಕೆಂಪು ಪಟ್ಟಿಗಳು ಬಹಳ ಹಿಂದಿನ ಮಣ್ಣಿನ ಪದರಗಳು. ಮಳೆನೀರು ಈ ಗುಡ್ಡಗಳನ್ನು ವರ್ಷಕ್ಕೆ ಹೆಚ್ಚು ಕಡಿಮೆ ಒಂದು ಇಂಚು ಕೊರೆಯುತ್ತದೆ. ಬೆಟ್ಟದ ಮಟ್ಟಿಗೆ ಅದು ಓಟವೇ ಅಲ್ವಾ! ಬೆಳಿಗ್ಗೆ ಸಪ್ಪೆಯಾಗಿ ಕಂಡ ಗುಡ್ಡವೇ ನೆರಳು ಉದ್ದವಾದಂತೆ ನೂರು ಮಡಿಕೆ ತೆರೆಯಿತು. ಕಾರಿನ ಕಿಟಕಿಯಿಂದ ನೋಡಿ ಹೋಗಿದ್ದರೆ ಇದು ಸಿಗುತ್ತಲೇ ಇರಲಿಲ್ಲ. ಹುಲ್ಲಿನ ನಡುವೆ ಪ್ರೇರಿ ಡಾಗ್‌ಗಳು (ನಾಯಿಯಲ್ಲ, ಅಳಿಲಿನ ಜಾತಿಯ ಪ್ರಾಣಿ) ಬಿಲದ ಬಾಯಲ್ಲಿ ನೆಟ್ಟಗೆ ನಿಂತು ಕೂಗುತ್ತಿದ್ದವು. ಒಂದು ಕೂಗಿದರೆ ಸಾಲಾಗಿ ಉಳಿದವೂ ಕೂಗುತ್ತವೆ. ಅದನ್ನು ನೋಡುತ್ತಲೇ ಒಂದು ಗಂಟೆ ಹೋಯಿತು.

ನೀರು ಉಳಿಸಲು ತಟ್ಟೆಗಳನ್ನು ಮೊದಲು ಕಾಗದದಲ್ಲಿ ಒರೆಸಿ, ಆಮೇಲೆ ಸ್ಪ್ರೇ ಬಾಟಲಿಯಲ್ಲಿ ತೊಳೆದೆವು.

ಮೂರು ಗಂಟೆಗೆ ಪಶ್ಚಿಮದಲ್ಲಿ ಮೋಡ ಕಟ್ಟಿತು. ಗಾಳಿ ಬರುವ ಮೊದಲೇ ಆನಿಂಗ್, ಅಂದರೆ ಗಾಡಿಯ ಬದಿಗೆ ಚಾಚುವ ನೆರಳಿನ ಬಟ್ಟೆ, ಮಡಚಿದೆ. ಬಯಲಿನ ಗಾಳಿ ಅದನ್ನು ಒಂದೇ ಏಟಿಗೆ ಕಿತ್ತುಬಿಡಬಹುದು. ಹತ್ತು ನಿಮಿಷ ಗಾಡಿ ತೊಟ್ಟಿಲಿನಂತೆ ತೂಗಿತು, ನಾಲ್ಕು ಹನಿ ಬಿತ್ತು, ಅಷ್ಟೇ.

ರಾತ್ರಿ ಭುಜದ ನೋವು ಅರ್ಧ ಇಳಿದಿತ್ತು. ಪಟ್ಟಿ ತೆಗೆದು, ಮೊಂಟಾನಾದ ಎರಡು ಊರುಗಳನ್ನು ಹೊಡೆದುಹಾಕಿದೆವು. ಅವುಗಳ ಬದಲು ಪಟ್ಟಿಯಲ್ಲಿ ಎರಡು ದಿನ ಖಾಲಿ ಬಿಟ್ಟಿದ್ದೇವೆ.