ಬೇಸ್ ಕ್ಯಾನಪಿ ನನ್ನ ಹಳೇ ಕಂಟೇನರ್‌ನಲ್ಲಿ ಕೂತ ಕಥೆ: ನನ್ನ ಅನುಭವ

ಬೇಸ್ ಅಂದ್ರೆ ವಿಮಾನದಿಂದಲ್ಲ, ಸೇತುವೆ, ಬಂಡೆ, ಕಟ್ಟಡದಂಥ ಕಡೆಯಿಂದ ಜಿಗಿಯೋದು; ಕ್ಯಾನಪಿ ಅಂದ್ರೆ ಪ್ಯಾರಾಚೂಟಿನ ಬಟ್ಟೆಯ ರೆಕ್ಕೆ. ಅಂಥ 260 ಚದರಡಿಯ ಬೇಸ್ ಕ್ಯಾನಪಿ ನನ್ನ ಬೆನ್ನುಚೀಲದಲ್ಲಿ, ಅಂದ್ರೆ ಹಳೇ ಸ್ಕೈಡೈವಿಂಗ್ ಕಂಟೇನರ್‌ನಲ್ಲಿ ಕೂರಲ್ಲ ಅಂತ ಹೇಳದವರೇ ಇಲ್ಲ. ಆ ಕಂಟೇನರ್ ಸುಮಾರು 230 ಚದರಡಿಯ ಮುಖ್ಯ ಪ್ಯಾರಾಚೂಟಿಗೆ, ಅಂದ್ರೆ ಮೇನ್‌ಗೆ ಹೊಲಿದದ್ದು. ಹರಿಯಾಣದ ನಾರ್ನೌಲ್‌ನಲ್ಲಿ ಜೊತೆಗೆ ಜಿಗಿಯುವವರು, ಬೆಂಗಳೂರಿನ ಗೆಳೆಯರು, ಎಲ್ಲರದೂ ಒಂದೇ ಮಾತು: ಕಂಟೇನರ್ ದೊಡ್ಡದು ತಗೋ, ಇಲ್ಲಾಂದ್ರೆ ಈ ಹುಚ್ಚು ಬಿಡು. ಕಳೆದ ಚಳಿಗಾಲದಲ್ಲಿ ಅದೇ ಕಂಟೇನರ್‌ನಿಂದ ಅದೇ ಕ್ಯಾನಪಿ ಹನ್ನೊಂದು ಸಲ ಬಿಚ್ಚಿಕೊಂಡಿದೆ. ಮೊದಲ ಎರಡು ಬಿಟ್ಟರೆ ಉಳಿದವೆಲ್ಲ ಚೊಕ್ಕ.

ಯಾಕೆ ಇಷ್ಟು ಹಟ ಅಂದ್ರೆ, ನನಗೆ ಬೇಸ್ ಜಿಗಿತಕ್ಕೆ ಅಮೆರಿಕದ ಇಡಾಹೋದ ಪೆರೀನ್ ಸೇತುವೆಗೆ ಹೋಗಬೇಕು. ಅದರ ಎತ್ತರ 486 ಅಡಿ. ಅಲ್ಲಿ ಬ್ರೇಕ್ ಎಲ್ಲಿ ಹಿಡಿಯುತ್ತೆ, ಸ್ಟಾಲ್ (ಕ್ಯಾನಪಿ ಹಾರೋದು ನಿಂತು ಕುಸಿಯೋದು) ಎಲ್ಲಿ ಬರುತ್ತೆ ಅಂತ ಹುಡುಕುತ್ತಾ ಕೂರೋಕೆ ಆಗಲ್ಲ. ಅದನ್ನೆಲ್ಲ ವಿಮಾನದಿಂದ ಜಿಗಿದು, ಬೆನ್ನಲ್ಲಿ ರಿಸರ್ವ್ (ಆಪತ್ತಿಗೆ ಇರೋ ಎರಡನೇ ಪ್ಯಾರಾಚೂಟ್) ಇಟ್ಟುಕೊಂಡೇ ಕಲಿಯಬೇಕು.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳ್ತೀನಿ. ಸೆಕೆಂಡ್ ಹ್ಯಾಂಡ್ ಕ್ಯಾನಪಿ 95 ಸಾವಿರದ ಹತ್ತಿರ. ತರಿಸಿಕೊಳ್ಳೋ ಖರ್ಚು, ಸುಂಕ ಸೇರಿ ಇನ್ನೊಂದು 30 ಸಾವಿರ. ದೊಡ್ಡ ಕಂಟೇನರ್ ಅಂದ್ರೆ ಹಳೇದೇ ಲಕ್ಷದ ಮೇಲೆ. ಅಷ್ಟು ನನ್ನ ಹತ್ತಿರ ಇರಲಿಲ್ಲ. ಇರೋದರಲ್ಲೇ ಕೂರಿಸಬೇಕಿತ್ತು.

ಮನೆಯಲ್ಲಿ ಕ್ಯಾನಪಿ ಹಾಸೋಕೆ ಜಾಗ ಇಲ್ಲ. ಆಷಾಢದಲ್ಲಿ ಮದುವೆ ಇರಲ್ಲ ಅಲ್ವಾ, ಹುಬ್ಬಳ್ಳಿಯಲ್ಲಿ ನಮ್ಮ ಓಣಿಯ ಕಲ್ಯಾಣ ಮಂಟಪ ಖಾಲಿ ಬಿದ್ದಿತ್ತು. ದಿನಕ್ಕೆ 500 ರೂಪಾಯಿಗೆ ಕೊಟ್ಟರು. ಎಷ್ಟು ಗುಡಿಸಿದರೂ ಮೂಲೆಯಲ್ಲಿ ಅಕ್ಷತೆ ಉಳಿದಿರುತ್ತಿತ್ತು. ಬಿಳಿ ಬಟ್ಟೆಯ ಮೇಲೆ ಅರಿಶಿನದ ಚುಕ್ಕೆ ಇನ್ನೂ ಇದೆ. ನವಲಗುಂದದ ಜಮಖಾನೆ ಹಾಸಿ ನೋಡಿದೆ, ಅಕ್ಷತೆ ತಪ್ಪಿತು, ಆದರೆ ನೂಲಿನ ಎಳೆ ಕ್ಯಾನಪಿಯ ಲೈನುಗಳಿಗೆ (ಹಗ್ಗಗಳಿಗೆ) ಅಂಟಿತು. ಕೊನೆಗೆ ದಪ್ಪ ಪ್ಲಾಸ್ಟಿಕ್ ಹಾಳೆಯೇ ಗತಿ.

ಕ್ಯಾನಪಿಯನ್ನು ಮೊದಲು ಒಂದು ಬ್ಯಾಗಿಗೆ ತುಂಬಿ, ಆ ಬ್ಯಾಗನ್ನು ಕಂಟೇನರ್ ಒಳಗೆ ಇಡಬೇಕು. ಮೊದಲು ಹಳೇ ಬ್ಯಾಗ್‌ನಲ್ಲೇ ತುರುಕಿದೆ. ಪ್ರೊ ಪ್ಯಾಕ್ ಅನ್ನೋ ರೀತಿಯಲ್ಲಿ ಮಡಿಸಿ, ಸುತ್ತಿ, ಮೊಣಕಾಲೂರಿ ಗಾಳಿ ತೆಗೆದು ಒಳಗೆ ಹಾಕಿದರೆ ನಡು ಉಬ್ಬಿ ಗುಡ್ಡ. ಕಂಟೇನರ್ ಮುಚ್ಚೋ ಫ್ಲಾಪುಗಳು ಒಂದಕ್ಕೊಂದು ಮುಟ್ಟಲೇ ಇಲ್ಲ. ಅವನ್ನು ಹಿಡಿದಿಡೋ ದಾರದ ಲೂಪ್ ಉದ್ದ ಮಾಡಿ, ಪಿನ್ ಹಾಕಿ ಹೇಗೋ ಮುಚ್ಚಿದೆ. ಪಿನ್ನಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದೆ. ಪಿನ್ ಬಿಚ್ಚೋಕೇ 14 ಕಿಲೋ ಎಳೆತ! ಅದನ್ನು ಬೆನ್ನಿಗೆ ಹಾಕಿಕೊಂಡು ಯಾರು ಜಿಗಿಯುತ್ತಾರೆ? ಮೇನ್ ಹೀಗೆ ಬಿಗಿದರೆ ರಿಸರ್ವ್ ಕಡೆಗೂ ಒತ್ತುತ್ತೆ. ರಿಗ್ಗರ್, ಅಂದ್ರೆ ಪ್ಯಾರಾಚೂಟ್ ಪರೀಕ್ಷಿಸಿ ಸಜ್ಜು ಮಾಡೋ ಪರಿಣತರು, ಫೋಟೋ ನೋಡಿಯೇ ಬೈದರು. ಅವರು ಬೈದದ್ದು ಸರಿ.

ದಾರಿ ತೋರಿಸಿದ್ದು ಅಣ್ಣಿಗೇರಿಯ ನಮ್ಮ ಕಾಕಾ. ಅವರಿಗೆ ಪ್ಯಾರಾಚೂಟ್ ಗೊತ್ತಿಲ್ಲ, ಹತ್ತಿ ಗೊತ್ತು. ಹತ್ತಿ ಅಂಡಿಗೆ ತುಳಿದು ತುಳಿದೇ ಬೆಳೆದವರು. ನನ್ನ ಒದ್ದಾಟ ನೋಡಿ, “ತಮ್ಮಾ, ನಡುವ ಯಾಕ ತುರಕ್ತಿ? ಮೂಲಿ ಮೊದಲ ತುಂಬು, ನಡುವ ತಾನ ತುಂಬತೈತಿ” ಅಂದರು. ನಾನು ಎರಡು ತಿಂಗಳು ಲೀಟರ್ ಲೆಕ್ಕ ಹಾಕುತ್ತಿದ್ದೆ. ತೊಂದರೆ ಇದ್ದದ್ದು ಅಳತೆಯಲ್ಲಲ್ಲ, ಆಕಾರದಲ್ಲಿ.

ಬ್ಯಾಗನ್ನೇ ಬದಲಿಸಿದೆ. ಅಗಲ ಜಾಸ್ತಿ, ದಪ್ಪ ಕಮ್ಮಿ. ಹೊಲಿದುಕೊಟ್ಟವರು ಬೆಂಗೇರಿಯಲ್ಲಿ ವರ್ಷಗಟ್ಟಲೆ ರಾಷ್ಟ್ರಧ್ವಜ ಹೊಲಿದ ಒಬ್ಬ ಅಕ್ಕ. “ಒಂದು ಹೊಲಿಗಿ ಹೆಚ್ಚುಕಮ್ಮಿ ಆದ್ರ ಬಾವುಟ ವಾಪಸ್ ಬರ್ತಿತ್ತು ನೋಡ್ರಿ” ಅನ್ನುತ್ತಲೇ ಒಂದೊಂದು ಹೊಲಿಗೆಯನ್ನೂ ಎಣಿಸಿ ಹಾಕಿದರು. ಬ್ಯಾಗಿಗೆ 900 ರೂಪಾಯಿ ಕೂಲಿ. ಮೂರು ಬ್ಯಾಗ್ ಹೊಲಿಸಿದೆ. ಮೊದಲನೆಯದು ಉದ್ದ ಸಾಲಲಿಲ್ಲ. ಎರಡನೆಯದಕ್ಕೆ ತಾಡಪತ್ರಿಗೆ ಹಾಕೋ ಹಿತ್ತಾಳೆ ಐಲೆಟ್ ಹಾಕಿಸಿ ತಪ್ಪು ಮಾಡಿದೆ. ಬ್ಯಾಗನ್ನು ಹೊರಗೆಳೆಯೋ ಪಟ್ಟಿ, ಅಂದ್ರೆ ಬ್ರೈಡಲ್, ಆ ಐಲೆಟ್ ಮೂಲಕವೇ ಹಾಯುತ್ತೆ. ಇಪ್ಪತ್ತು ಸಲ ಎಳೆದು ನೋಡಿದೆ. ಬ್ರೈಡಲ್‌ನ ಅಂಚು ಹತ್ತಿಯ ಹಾಗೆ ಎಳೆ ಎದ್ದಿತು. ಐಲೆಟ್ ಒಳಗೆ ಬೆರಳಾಡಿಸಿದರೆ ಸಣ್ಣ ಚೂಪು ಸಿಕ್ಕಿತು. ಮೂರನೆಯದಕ್ಕೆ ಸ್ಟೇನ್‌ಲೆಸ್ ಗ್ರೊಮೆಟ್ (ಐಲೆಟ್ಟಿನಂಥದ್ದೇ ಉಂಗುರ) ಹೊರಗಿನಿಂದ ತರಿಸಿದೆ.

ಮಡಿಕೆ ಹೀಗೆ: ಮೊದಲ ಎಸ್ ಆಕಾರದ ಮಡಿಕೆ ಗಿಡ್ಡ ಇರಲಿ. ಕೆಳಗಿನ ಎರಡೂ ಮೂಲೆಗೆ ಬಟ್ಟೆಯ ಕಿವಿಗಳನ್ನು ಮುಷ್ಟಿಯಿಂದ ಒತ್ತಿ, ಗಟ್ಟಿಯಾಯಿತು ಅನ್ನಿಸಿದ ಮೇಲೇ ಎರಡನೆಯದು. ಲೂಪ್ ಬರೋ ಜಾಗ ತೆಳ್ಳಗೇ ಇರಬೇಕು. ಮೂರನೇ ಮಡಿಕೆಯನ್ನು ಯಾವ ಕಡೆಗೆ ತಿರುಗಿಸುತ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ. ಪಕ್ಕದಲ್ಲಿ ಕೂತವರಿಗೆ ತೋರಿಸುತ್ತೇನೆ. ತಕ್ಕಡಿ ಈಗ ಐದು ಕಿಲೋದ ಆಚೀಚೆ ತೋರಿಸುತ್ತದೆ.

ಬೇಸ್‌ನಲ್ಲಿ ಲೈನುಗಳನ್ನು ಇಡೋ ಟೇಲ್ ಪಾಕೆಟ್ (ಕ್ಯಾನಪಿಯ ಹಿಂದಿನ ಅಂಚಿನ ಜೇಬು) ಖಾಲಿ ಬಿಟ್ಟೆ, ಲೈನುಗಳೆಲ್ಲ ಬ್ಯಾಗಿನ ರಬ್ಬರ್ ಬ್ಯಾಂಡಿಗೆ. ಕ್ಯಾನಪಿ ಜೊತೆ ಬಂದ ಬೇಸ್ ರೈಸರ್ (ಲೈನುಗಳನ್ನು ಮೈಪಟ್ಟಿಗೆ ಜೋಡಿಸೋ ಪಟ್ಟಿ) ಬಿಚ್ಚಿಟ್ಟು, ಗಾಳಿಯಲ್ಲೇ ಕಳಚಬಲ್ಲ ತ್ರೀ-ರಿಂಗ್ ರೈಸರ್ ಹಾಕಿದೆ. ಇದರಲ್ಲಿ ಕಂಜೂಸಿ ಬೇಡ, ಕಟ್‌ಅವೇ (ಕೆಟ್ಟ ಮೇನ್ ಕಳಚಿ ಬಿಡೋ ದಾರಿ) ಇಲ್ಲದೆ ರಿಸರ್ವ್ ಇದ್ದು ಏನು ಪ್ರಯೋಜನ? ರಿಸರ್ವ್ ನಾನು ಮುಟ್ಟಿಲ್ಲ, ಅದು ರಿಗ್ಗರ್ ಕೆಲಸ. ಎಲ್ಲ ಜೋಡಿಸಿದ ಪೂರ್ತಿ ರಿಗ್ ಅವರ ಕೈಗೆ ಕೊಟ್ಟು, ಎಳೆದು ನೋಡಿ ಹೂಂ ಅಂದ ಮೇಲೇ ವಿಮಾನ ಹತ್ತಿದ್ದು.

ಮೊದಲ ಜಂಪ್‌ನಲ್ಲಿ 5,500 ಅಡಿಗೆ ಪೈಲಟ್ ಚೂಟ್, ಅಂದ್ರೆ ಬ್ರೈಡಲ್ ತುದಿಯಲ್ಲಿದ್ದು ಬ್ಯಾಗನ್ನು ಎಳೆಯೋ ಪುಟ್ಟ ಪ್ಯಾರಾಚೂಟ್, ಎಸೆದೆ. ಹಳೇ 28 ಇಂಚಿನದು. ಒಂದು, ಎರಡು, ಮೂರು. ಬೆನ್ನ ಮೇಲೆ ಬ್ಯಾಗ್ ಅಲ್ಲಾಡುತ್ತಿದೆ, ಏಳುತ್ತಿಲ್ಲ. ಬಲಗೈ ಕಟ್‌ಅವೇ ಹಿಡಿ ಮುಟ್ಟಿತ್ತು. ಅಷ್ಟರಲ್ಲಿ ಎದ್ದಿತು. ಇಷ್ಟು ಭಾರದ ಬ್ಯಾಗಿಗೆ ಸವೆದ ಸಣ್ಣ ಚೂಟ್ ಸಾಲದು. 34 ಇಂಚಿನದು ತಂದೆ. ಎರಡನೇ ಜಂಪ್‌ನಲ್ಲಿ ಬ್ಯಾಗ್ ತಟ್ಟನೆ ಎದ್ದಿತು, ಆದರೆ ಕ್ಯಾನಪಿ ಕೆನ್ನೆಗೆ ಬಾರಿಸಿದ ಹಾಗೆ ತೆರೆಯಿತು. ಬೇಸ್‌ನವರು ಬಳಸೋ ಮೆಶ್ (ಜಾಲರಿ) ಸ್ಲೈಡರ್ ಹಾಗೇ ಬಿಟ್ಟಿದ್ದೆ. ಸ್ಲೈಡರ್ ಅಂದ್ರೆ ಲೈನುಗಳ ಮೇಲೆ ಜಾರಿ ಇಳಿಯುತ್ತಾ ಕ್ಯಾನಪಿ ತೆರೆಯೋದನ್ನು ನಿಧಾನ ಮಾಡೋ ಬಟ್ಟೆ. ಟರ್ಮಿನಲ್ ವೇಗದಲ್ಲಿ, ಅಂದ್ರೆ ಬೀಳುವಾಗಿನ ಪೂರ್ತಿ ವೇಗದಲ್ಲಿ, ಅದರ ತೂತುಗಳಿಂದ ಗಾಳಿ ನುಗ್ಗಿ ಸ್ಲೈಡರ್ ಸರ್ರನೆ ಇಳಿದುಬಿಟ್ಟಿತು. ಎರಡು ದಿನ ಕತ್ತು ತಿರುಗಿಸೋಕೆ ಆಗಲಿಲ್ಲ. ಅದೇ ಅಳತೆಯ ಪೂರ್ತಿ ಬಟ್ಟೆಯ ಸ್ಲೈಡರ್‌ಗೆ ಆರು ಸಾವಿರ ಹೋಯಿತು. ನಾರ್ನೌಲ್‌ಗೆ ಜಿಗಿಯೋಕೆ ಹೋಗಲು ದೆಹಲಿಯ ನಿಜಾಮುದ್ದೀನ್ ರೈಲು, ಊಟ, ವಸತಿ ಅಂತ ಪ್ರತಿ ಸಲ 14 ಸಾವಿರ ಬೇರೆ. ಮೂರನೇ ಸಲ ಹೋದಾಗ ಸ್ಲೈಡರ್ ನಿಧಾನ ಇಳಿಯೋದನ್ನು ತಲೆಯೆತ್ತಿ ನೋಡಿದೆ. ಮೂರೂವರೆ ಸೆಕೆಂಡ್ ಇರಬಹುದು. ಕ್ಯಾನಪಿಯ ಏಳೂ ಸೆಲ್ (ಗಾಳಿ ತುಂಬೋ ಕೋಶ) ತುಂಬಿದವು. ಕೂಗಿಬಿಟ್ಟೆ.

ಈ ನಡುವೆ ಗದಗದ ಕಡೆ, ಗಾಳಿಯಂತ್ರಗಳ ಹತ್ತಿರದ ಖಾಲಿ ಹೊಲದಲ್ಲಿ ಕ್ಯಾನಪಿ ಎಬ್ಬಿಸಿ ಬ್ರೇಕ್ ಗುರುತು ಹಾಕಿಕೊಂಡೆ. ಎರೆ ಮಣ್ಣಿನ ಧೂಳು ಸೆಲ್ಲುಗಳ ಒಳಗೆ ಹೊಕ್ಕು, ಕೊಡವಿ ತೆಗೆಯೋಕೆ ಅರ್ಧ ದಿನ ಬೇಕಾಯಿತು. ಆದರೂ ಆ ಗುರುತು ಆಮೇಲೆ ಆಕಾಶದಲ್ಲಿ ಬಹಳ ಉಪಯೋಗಕ್ಕೆ ಬಂತು.

ದೊಡ್ಡದು ತಗೋ ಅಂದಿದ್ದ ಗೆಳೆಯನೇ ಈಗ ತನ್ನ 280 ಚದರಡಿಯ ಕ್ಯಾನಪಿಗೆ ಇಂಥದ್ದೇ ಬ್ಯಾಗ್ ಬೇಕು ಅಂತಿದ್ದಾನೆ. ಅಕ್ಕನಿಗೆ ಅಳತೆ ಕೊಟ್ಟಾಗಿದೆ. ಮಂಟಪಕ್ಕೂ ಈ ಆಷಾಢದ ನಾಲ್ಕು ದಿನದ ಮುಂಗಡ ಕೊಟ್ಟು ಬಂದಿದ್ದೇನೆ.