ಹಳೇ ಮಿಯಾಟಾ ಇದ್ದವರು ಒಂದು ಲೋಟ ನೀರು ಸುರಿದು ನೋಡಿ

1989ರಿಂದ 1997ರವರೆಗೆ ಬಂದ ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5 (ಮಿಯಾಟಾ ಅಂದ್ರೆ ಇದೇ, ಬಟ್ಟೆ ಟಾಪ್ ಮಡಚೋ ಎರಡು ಸೀಟಿನ ಕಾರು), ಅದೇ ಹೆಡ್‌ಲೈಟ್ ಮೇಲೆದ್ದು ಕಣ್ಣು ಬಿಡೋ ಗಾಡಿ, ಇಟ್ಟುಕೊಂಡವರಿಗೆ ಒಂದು ಮಾತು. ಇಂಜಿನ್ ಗಟ್ಟಿ. ಗಾಡಿನ ತಿನ್ನೋದು ತುಕ್ಕು.

ಬಟ್ಟೆ ಟಾಪ್ ಮೇಲಿನ ಮಳೆನೀರು ಸೀಟಿನ ಹಿಂದಿನ ಎರಡು ಮೂಲೆಯ ತೂತಿಗೆ ಇಳಿದು, ಪೈಪಿನಲ್ಲಿ ಹಾದು, ಹಿಂದಿನ ಚಕ್ರದ ಮುಂದೆ ನೆಲಕ್ಕೆ ಬೀಳಬೇಕು. ತರಗೆಲೆ ಕಟ್ಟಿಕೊಂಡ್ರೆ ನೀರು ಬಾಗಿಲ ಕೆಳಗಿನ ಸಿಲ್ ಅನ್ನೋ ಟೊಳ್ಳು ಭಾಗದೊಳಗೆ ಸೇರಿ, ಒಳಗಿಂದಲೇ ತುಕ್ಕು ಹಿಡಿಯುತ್ತೆ. ಹೊರಗೆ ಪೇಂಟ್ ಉಬ್ಬೋ ಹೊತ್ತಿಗೆ ವೆಲ್ಡಿಂಗ್ ಖರ್ಚು ಗ್ಯಾರಂಟಿ.

ಎರಡೂ ಕಡೆ ಒಂದೊಂದು ಲೋಟ ನೀರು ನಿಧಾನಕ್ಕೆ ಹಾಕಿ, ಬಗ್ಗಿ ನೋಡಿ. ಧಾರೆಯಾಗಿ ಬಿದ್ರೆ ಸರಿ, ಬರೀ ತೊಟ್ಟಿಕ್ಕಿದ್ರೆ ಕಟ್ಟಿದೆ ಅಂತ. ಹುಲ್ಲು ಕತ್ತರಿಸೋ ಟ್ರಿಮ್ಮರ್‌ನ ದಪ್ಪ ನೈಲಾನ್ ದಾರ ತೂರಿಸಿ ಮೆಲ್ಲಗೆ ಆಡಿಸಿ. ಚೂಪು ತಂತಿ ಬೇಡ, ಪೈಪ್ ತೂತಾಗುತ್ತೆ. ಕಂಪ್ರೆಸರ್ ಗಾಳಿಯೂ ಬೇಡ, ಪೈಪ್ ಒಳಗೇ ಕಳಚಿಕೊಳ್ಳಬಹುದು. ನನ್ನ ಗಾಡಿಯಿಂದ ಒಂದು ಹಿಡಿ ಕಪ್ಪು ಕೆಸರು ಬಂತು, ಮಧ್ಯೆ ಒಂದು ಮೊಳಕೆ ಬೇರೆ!

ಸಸ್ಪೆನ್ಶನ್ ತಗ್ಗಿಸೋದು, ಟರ್ಬೊ ಕೂರಿಸೋದು ಎಲ್ಲ ಇದಾದ ಮೇಲೆ. ವರ್ಷಕ್ಕೆರಡು ಸಲ, ಎಲೆ ಉದುರೋ ಕಾಲ ಮುಗಿದ ಮೇಲಂತೂ ತಪ್ಪಿಸಬೇಡಿ.